ಭದ್ರತೆಗೆ ಗಣಿತದ ಒರೆಗಲ್ಲು ಕೊಟ್ಟ ಅಲನ್ ಟ್ಯೂರಿಂಗ್

ಕೋಲಾರ ಚಿನ್ನದ ಗಣಿ 2001ರ ಫೆಬ್ರುವರಿ 28ರಂದು ಬಾಗಿಲು ಮುಚ್ಚಿದ ಮೇಲೆ ಕೆಜಿಎಫ್‌ನ ಬಹುಪಾಲು ಕುಟುಂಬಗಳ ಬದುಕು ರೈಲು ಹಳಿಯನ್ನು ನೆಚ್ಚಿಕೊಂಡಿತು. ಮಾರಿಕುಪ್ಪಂ, ಚಾಂಪಿಯನ್, ಉರಿಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ಹತ್ತಿದವರೊಂದಿಗೆ ಬಂಗಾರಪೇಟೆಯಲ್ಲಿ ಇನ್ನಷ್ಟು ಮಂದಿ ಸೇರಿ, ನಿತ್ಯವೂ ಸಾವಿರಾರು ಜನ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಕಾರ್ಖಾನೆ, ಅಂಗಡಿ, ಆಸ್ಪತ್ರೆಗಳ ನೌಕರರ ಜೊತೆಗೆ ಸಾಫ್ಟ್‌ವೇರ್ ಕಂಪನಿಗಳಲ್ಲಿ ದುಡಿಯುವ ಯುವಕ ಯುವತಿಯರೂ ಆ ಗುಂಪಿನಲ್ಲಿದ್ದಾರೆ.

ಸಾಫ್ಟ್‌ವೇರ್ ರಚಿಸುವವರು ಪ್ರತಿ ಬಾರಿಯೂ ಭದ್ರತೆಯ ವ್ಯವಸ್ಥೆಯನ್ನು ಮೊದಲಿನಿಂದ ಕಟ್ಟುವುದಿಲ್ಲ. ಬೀಗ ತಯಾರಿಸುವವನು ಮನೆಗೊಂದು ಹೊಸ ಬೀಗ ಕಂಡುಹಿಡಿಯದಿರುವಂತೆಯೇ, ಇವರೂ ಒಮ್ಮೆ ರೂಪುಗೊಂಡ ವಿನ್ಯಾಸಗಳನ್ನು ಮತ್ತೆ ಮತ್ತೆ ಬಳಸುತ್ತಾರೆ. ಬಂದವನು ಯಾರೆಂದು ಗುರುತಿಸುವುದಕ್ಕೆ ಒಂದು ವಿನ್ಯಾಸ, ಯಾರಿಗೆ ಯಾವ ಕಡತ ತೆರೆಯುವ ಅಧಿಕಾರವಿದೆ ಎಂದು ನಿರ್ಧರಿಸುವುದಕ್ಕೆ ಇನ್ನೊಂದು, ಸಂದೇಶವನ್ನು ಮರೆಮಾಚಿ ಕಳುಹಿಸುವುದಕ್ಕೆ ಮತ್ತೊಂದು. ಬ್ಯಾಂಕಿಗೂ ಆಸ್ಪತ್ರೆಗೂ ಸರ್ಕಾರಿ ಕಚೇರಿಗೂ ಮೂಲದಲ್ಲಿ ಅದೇ ವಿನ್ಯಾಸ. ಒಂದು ಕಡೆ ದೋಷವಿದ್ದರೆ ಎಲ್ಲ ಕಡೆಯೂ ಅದೇ ದೋಷ. ಆದ್ದರಿಂದಲೇ ಇಂಥ ವಿನ್ಯಾಸವನ್ನು ಗಣಿತದ ಮಾದರಿಯಾಗಿ ಬರೆದು ಪರೀಕ್ಷಿಸುವ ಶಾಸ್ತ್ರವೊಂದು ಬೆಳೆದಿದೆ. ಆ ಶಾಸ್ತ್ರಕ್ಕೆ ತಳಪಾಯ ಹಾಕಿದವರಲ್ಲಿ ಮೊದಲು ನೆನೆಯಬೇಕಾದ ಹೆಸರು ಬ್ರಿಟನ್ನಿನ ಗಣಿತಜ್ಞ ಅಲನ್ ಮ್ಯಾಥಿಸನ್ ಟ್ಯೂರಿಂಗ್ ಅವರದು. ಅವರ ಮನೆತನಕ್ಕೆ ನಮ್ಮ ನೆಲದ ನಂಟಿತ್ತು ಎಂಬುದು ಹೆಚ್ಚಿನವರಿಗೆ ತಿಳಿಯದ ಸಂಗತಿ.

ಬಳ್ಳಾರಿ, ತುಂಗಭದ್ರೆ, ಮದ್ರಾಸ್ ರೈಲ್ವೆ

ಮದ್ರಾಸಿನಿಂದ ಜೋಲಾರಪೇಟೆಯ ಮೂಲಕ ಬೆಂಗಳೂರಿಗೆ 1864ರಲ್ಲಿ ರೈಲು ತಂದದ್ದು ಮದ್ರಾಸ್ ರೈಲ್ವೆ ಕಂಪನಿ. ಮೈಸೂರಿನ ಕಮಿಷನರ್ ಆಗಿದ್ದ ಲೂಯಿನ್ ಬೌರಿಂಗ್ ಅವರ ಹೆಸರಿನಿಂದ ಅಂದು ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ಇಂದಿನ ಬಂಗಾರಪೇಟೆ ಆ ಮಾರ್ಗದ ಮೇಲಿನ ಊರು. ಅಲ್ಲಿಂದ ಚಿನ್ನದ ಗಣಿಗೆ ಕವಲು ಮಾರ್ಗ ಬಂದದ್ದು 1894ರಲ್ಲಿ. ಆ ಮದ್ರಾಸ್ ರೈಲ್ವೆಯ ಮುಖ್ಯ ಎಂಜಿನಿಯರ್ ಹುದ್ದೆಗೇರಿದವರು ಐರ್ಲೆಂಡ್ ಮೂಲದ ಎಡ್ವರ್ಡ್ ವಾಲರ್ ಸ್ಟೋನಿ. ತುಂಗಭದ್ರಾ ನದಿಯ ರೈಲು ಸೇತುವೆಯ ನಿರ್ಮಾಣದಿಂದ ಹೆಸರಾದ ಅವರು, ಸದ್ದಿಲ್ಲದೆ ತಿರುಗುವ ಪಂಖಾ ಚಕ್ರವೊಂದಕ್ಕೆ ಪೇಟೆಂಟ್ ಪಡೆದಿದ್ದರು. ಅವರ ಮಗಳು ಎಥೆಲ್ ಸಾರಾ ಜನಿಸಿದ್ದು 1881ರಲ್ಲಿ, ಕೊಯಮತ್ತೂರಿನ ಬಳಿಯ ಪೋತನೂರಿನಲ್ಲಿ. ಈಕೆಯೇ ಅಲನ್ ಅವರ ತಾಯಿ.

ತಂದೆ ಜೂಲಿಯಸ್ ಮ್ಯಾಥಿಸನ್ ಟ್ಯೂರಿಂಗ್ ಇಂಡಿಯನ್ ಸಿವಿಲ್ ಸರ್ವಿಸ್ ಅಧಿಕಾರಿ. 1896ರಲ್ಲಿ ಮದ್ರಾಸ್ ಪ್ರಾಂತಕ್ಕೆ ಬಂದ ಅವರು ಬಳ್ಳಾರಿ, ಕರ್ನೂಲು, ವಿಶಾಖಪಟ್ಟಣ ಜಿಲ್ಲೆಗಳಲ್ಲಿ ಸಹಾಯಕ ಕಲೆಕ್ಟರ್ ಹಾಗೂ ಮ್ಯಾಜಿಸ್ಟ್ರೇಟ್ ಆಗಿ ಸಂಚರಿಸಿದರು. ಬೇಸಾಯ, ನೀರಾವರಿ, ನೈರ್ಮಲ್ಯ, ಲಸಿಕೆಗಳ ಕುರಿತು ವರದಿ ಬರೆಯುವುದು, ಲೆಕ್ಕಪತ್ರ ತಪಾಸಣೆ ನಡೆಸುವುದು ಅವರ ಕೆಲಸವಾಗಿತ್ತು. ಅಂದಿನ ಬಳ್ಳಾರಿ ಜಿಲ್ಲೆಯ ಕನ್ನಡ ತಾಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದ್ದು 1953ರಲ್ಲಿ. 1907ರಲ್ಲಿ ರಜೆಯ ಮೇಲೆ ಸ್ವದೇಶಕ್ಕೆ ತೆರಳುತ್ತಿದ್ದ ಜೂಲಿಯಸ್ ಅವರಿಗೆ ಹಡಗಿನಲ್ಲಿ ಎಥೆಲ್ ಅವರ ಪರಿಚಯವಾಯಿತು. ಅದೇ ವರ್ಷ ಅಕ್ಟೋಬರ್ 1ರಂದು ಡಬ್ಲಿನ್ ನಗರದಲ್ಲಿ ಅವರ ವಿವಾಹ ನೆರವೇರಿತು. ಹಿರಿಯ ಮಗ ಜಾನ್ 1908ರಲ್ಲಿ ಕೂನೂರಿನಲ್ಲಿ ಜನಿಸಿದರೆ, ಕಿರಿಯವನಾದ ಅಲನ್ ಜನಿಸಿದ್ದು 1912ರ ಜೂನ್ 23ರಂದು ಲಂಡನ್ನಿನಲ್ಲಿ.

ತಂದೆ ತಾಯಿಯಿಂದ ದೂರವಾದ ಬಾಲ್ಯ

ಎಳೆಯ ಮಗುವಿಗೆ ಮದ್ರಾಸಿನ ಹವೆ ಒಗ್ಗದೆಂಬ ಅಂಜಿಕೆಯಿಂದ ಮಕ್ಕಳಿಬ್ಬರನ್ನೂ ಇಂಗ್ಲೆಂಡಿನಲ್ಲಿಯೇ ಬಿಡಲಾಯಿತು. ಹದಿನೈದು ತಿಂಗಳ ಕೂಸನ್ನು ಬಿಟ್ಟು ತಾಯಿ 1913ರಲ್ಲಿ ಭಾರತಕ್ಕೆ ಮರಳಿದರು. ಕಡಲ ತೀರದ ಊರೊಂದರಲ್ಲಿ ನಿವೃತ್ತ ಕರ್ನಲ್ ದಂಪತಿಯ ಮನೆ ಮಕ್ಕಳ ಆಶ್ರಯವಾಯಿತು. ವಸಾಹತು ಅಧಿಕಾರಿಗಳ ಮಕ್ಕಳಿಗೆ ಇದು ಅಂದು ಸಾಮಾನ್ಯ ಪಾಡು. ಅಲನ್ ಭಾರತದ ನೆಲವನ್ನು ಮೆಟ್ಟಲೇ ಇಲ್ಲ. ತಂದೆ ಸೇವೆಯಿಂದ ನಿವೃತ್ತರಾಗುವ ವೇಳೆಗೆ ಬಾಲಕನಿಗೆ ಹನ್ನೆರಡು ವರ್ಷ ಸಮೀಪಿಸಿತ್ತು.

1926ರಲ್ಲಿ ಷೆರ್ಬೋರ್ನ್ ಶಾಲೆಗೆ ಸೇರಬೇಕಾದ ದಿನ ಇಂಗ್ಲೆಂಡಿನಲ್ಲಿ ಸಾರ್ವತ್ರಿಕ ಮುಷ್ಕರ. ರೈಲು ಓಡಲಿಲ್ಲ. ಹದಿಮೂರು ವರ್ಷದ ಹುಡುಗ ಸೌತಾಂಪ್ಟನ್ ಬಂದರಿನಿಂದ ಸುಮಾರು 100 ಕಿಲೋಮೀಟರ್ ದೂರವನ್ನು ಸೈಕಲ್ ತುಳಿದು ಶಾಲೆ ತಲುಪಿದ. ಮಾರ್ಗ ಮಧ್ಯೆ ಒಂದು ರಾತ್ರಿ ತಂಗಿದ್ದ. ಭಾಷೆ ಮತ್ತು ಸಾಹಿತ್ಯಕ್ಕೆ ಮನ್ನಣೆಯಿದ್ದ ಆ ಶಾಲೆಯಲ್ಲಿ ವಿಜ್ಞಾನದ ಹುಚ್ಚು ಹಿಡಿದ, ಅಕ್ಷರ ಅಂದಗೆಟ್ಟ ಈ ವಿದ್ಯಾರ್ಥಿ ಶಿಕ್ಷಕರಿಗೆ ಒಗಟಾಗಿದ್ದ. ಗಣಿತದಲ್ಲಿ ತನ್ನಷ್ಟೇ ಆಸಕ್ತಿಯಿದ್ದ ಸಹಪಾಠಿ ಕ್ರಿಸ್ಟೋಫರ್ ಮಾರ್ಕಂ ಅವನ ಆಪ್ತನಾದ. 1930ರ ಫೆಬ್ರುವರಿಯಲ್ಲಿ ಕ್ಷಯರೋಗದಿಂದ ಮಾರ್ಕಂ ತೀರಿಕೊಂಡ. ಗೆಳೆಯ ಅರ್ಧಕ್ಕೆ ಬಿಟ್ಟ ಕೆಲಸವನ್ನು ತಾನು ಮುಂದುವರಿಸಬೇಕೆಂಬ ಸಂಕಲ್ಪ ಅಲನ್‌ಗೆ ಉಂಟಾದುದು ಆ ದುಃಖದಲ್ಲಿ.

ಕಾಗದದ ಮೇಲಿನ ಯಂತ್ರ

1931ರಲ್ಲಿ ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜು ಸೇರಿದ ಟ್ಯೂರಿಂಗ್ ಅವರು 1935ರಲ್ಲಿ, ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಆ ಕಾಲೇಜಿನ ಫೆಲೋ ಆದರು. ಅದೇ ವರ್ಷ ಮ್ಯಾಕ್ಸ್ ನ್ಯೂಮನ್ ಅವರ ಉಪನ್ಯಾಸಗಳಲ್ಲಿ ಜರ್ಮನಿಯ ಗಣಿತಜ್ಞ ಡೇವಿಡ್ ಹಿಲ್ಬರ್ಟ್ ಎತ್ತಿದ್ದ ಪ್ರಶ್ನೆಯೊಂದು ಅವರ ಗಮನ ಸೆಳೆಯಿತು. ಯಾವುದೇ ಗಣಿತದ ಹೇಳಿಕೆಯನ್ನು ಸಾಧಿಸಬಹುದೇ ಇಲ್ಲವೇ ಎಂಬುದನ್ನು ಯಾಂತ್ರಿಕವಾಗಿ ತೀರ್ಮಾನಿಸುವ ಒಂದು ವಿಧಾನವಿದೆಯೇ ಎಂಬುದೇ ಆ ಪ್ರಶ್ನೆ. ಅದಕ್ಕೆ ಉತ್ತರ ಹೇಳಬೇಕಾದರೆ ಯಾಂತ್ರಿಕ ವಿಧಾನ ಎಂದರೇನು ಎಂಬುದನ್ನೇ ಮೊದಲು ಖಚಿತಪಡಿಸಬೇಕಿತ್ತು.

ಟ್ಯೂರಿಂಗ್ ಅವರು ಒಂದು ಕಾಲ್ಪನಿಕ ಯಂತ್ರವನ್ನು ಮುಂದಿಟ್ಟರು. ಚೌಕಗಳಾಗಿ ವಿಭಜಿಸಿದ ಕೊನೆಯಿಲ್ಲದ ಕಾಗದದ ಪಟ್ಟಿ, ಒಂದೊಂದೇ ಚೌಕವನ್ನು ಓದುವ ತಲೆ, ಎಣಿಕೆಗೆ ಸಿಗುವಷ್ಟು ಸ್ಥಿತಿಗಳು ಮತ್ತು ನಿಯಮಗಳ ಪಟ್ಟಿ. ಈಗಿರುವ ಸ್ಥಿತಿ ಮತ್ತು ಓದಿದ ಚಿಹ್ನೆಯನ್ನು ನೋಡಿ ಮುಂದೇನು ಮಾಡಬೇಕೆಂದು ನಿಯಮ ಹೇಳುತ್ತದೆ. ಅಷ್ಟೇ ಯಂತ್ರ.

ಸ್ಥಿತಿ ಮತ್ತು ನಿಯಮ ಎಂಬ ಈ ಚಿಂತನೆ ಕೆಜಿಎಫ್‌ನ ಹಿರಿಯರಿಗೆ ಸುಲಭವಾಗಿ ಅರ್ಥವಾದೀತು. ನೆಲದಡಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಗಿದ್ದ ಗಣಿಗಳ ಊರು ಅದು. ಶಾಫ್ಟಿನ ಬಾಯಲ್ಲಿ ಕಾರ್ಮಿಕರನ್ನು ಇಳಿಸುವ ಕೇಜ್ ನಿಂತಿದೆ ಎನ್ನೋಣ. ಅದರ ಗೇಟು ತೆರೆದಿರಬಹುದು ಅಥವಾ ಮುಚ್ಚಿರಬಹುದು. ಸೂಚನೆಯ ಗಂಟೆ ಬಾರಿಸಿರಬಹುದು ಅಥವಾ ಬಾರಿಸದಿರಬಹುದು. ಮೇಲೆಳೆಯುವ ಎಂಜಿನ್ ನಿಂತಿರಬಹುದು ಅಥವಾ ಓಡುತ್ತಿರಬಹುದು. ಒಟ್ಟು ಎಂಟು ಸ್ಥಿತಿಗಳು. ಇವುಗಳಲ್ಲಿ ಗೇಟು ತೆರೆದಿದ್ದು ಎಂಜಿನ್ ಓಡುತ್ತಿರುವ ಎರಡು ಸ್ಥಿತಿಗಳು ಎಂದೂ ಬರಕೂಡದು. ಗೇಟು ಮುಚ್ಚದೆ ಗಂಟೆ ಇಲ್ಲ, ಗಂಟೆಯಿಲ್ಲದೆ ಎಂಜಿನ್ ಇಲ್ಲ, ಎಂಜಿನ್ ನಿಲ್ಲದೆ ಗೇಟು ತೆರೆಯುವಂತಿಲ್ಲ ಎಂಬ ನಿಯಮಗಳನ್ನು ಬರೆದುಕೊಂಡು, ಒಂದೊಂದೇ ಹೆಜ್ಜೆ ಸಾಗಿ ನೋಡಬೇಕು. ಗಂಟೆ ಬಾರಿಸಿದ ಮೇಲೆ, ಎಂಜಿನ್ ಹೊರಡುವ ಮುನ್ನ ಯಾರಾದರೂ ಗೇಟು ತೆರೆದರೆ? ಮೇಲಿನ ಮೂರೂ ನಿಯಮಗಳು ಅದನ್ನು ತಡೆಯುವುದಿಲ್ಲ. ಗಂಟೆ ಆಗಲೇ ಬಾರಿಸಿರುವುದರಿಂದ ಎಂಜಿನ್ ಹೊರಡುತ್ತದೆ. ಗೇಟು ತೆರೆದೊಡನೆ ಸೂಚನೆ ರದ್ದಾಗಬೇಕೆಂಬ ನಾಲ್ಕನೆಯ ನಿಯಮ ಬೇಕೆಂದು ಅಪಘಾತಕ್ಕೆ ಮೊದಲೇ, ಕಾಗದದ ಮೇಲೆಯೇ ಗೊತ್ತಾಗುತ್ತದೆ. ಸುರಕ್ಷೆಯ ವಿನ್ಯಾಸವನ್ನು ಗಣಿತಬದ್ಧ ಮಾದರಿಯಾಗಿ ಪರೀಕ್ಷಿಸುವುದು ಎಂದರೆ ಇದೇ.

1936ರ ಆ ಪ್ರಬಂಧದಲ್ಲಿ ಟ್ಯೂರಿಂಗ್ ಅವರು ಎರಡು ಸಂಗತಿಗಳನ್ನು ತೋರಿಸಿಕೊಟ್ಟರು. ಬೇರೆಲ್ಲ ಯಂತ್ರಗಳ ನಿಯಮಪಟ್ಟಿಯನ್ನು ಓದಿ ಅವುಗಳಂತೆಯೇ ನಡೆಯಬಲ್ಲ ಒಂದು ಸರ್ವಸಮರ್ಥ ಯಂತ್ರ ಸಾಧ್ಯ ಎಂಬುದು ಮೊದಲನೆಯದು. ಇಂದಿನ ಕಂಪ್ಯೂಟರಿನ ಮೂಲ ಕಲ್ಪನೆಯಿದು. ಯಾವುದೇ ಯಂತ್ರದ ಮುಂದಿನ ನಡೆಯನ್ನು ಮುಂಗಡವಾಗಿ ತೀರ್ಮಾನಿಸಬಲ್ಲ ಸಾರ್ವತ್ರಿಕ ವಿಧಾನ ಇರಲು ಸಾಧ್ಯವೇ ಇಲ್ಲ ಎಂಬುದು ಎರಡನೆಯದು. ಇದೇ ಇಂದು ಪಠ್ಯಪುಸ್ತಕಗಳಲ್ಲಿ ನಿಲುಗಡೆಯ ಸಮಸ್ಯೆ ಎಂಬ ಹೆಸರಿನಿಂದ ಪ್ರಸಿದ್ಧ. ಹಿಲ್ಬರ್ಟ್ ಪ್ರಶ್ನೆಗೆ ದೊರೆತ ಉತ್ತರ, ಇಲ್ಲ ಎಂಬುದಾಗಿತ್ತು. ಅಮೆರಿಕದ ಅಲೊಂಜೊ ಚರ್ಚ್ ಬೇರೆ ದಾರಿಯಲ್ಲಿ ಅದೇ ತೀರ್ಮಾನಕ್ಕೆ ಬಂದಿದ್ದರು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಚರ್ಚ್ ಅವರ ಮಾರ್ಗದರ್ಶನದಲ್ಲಿಯೇ ಟ್ಯೂರಿಂಗ್ 1938ರಲ್ಲಿ ಡಾಕ್ಟರೇಟ್ ಪಡೆದರು.

ಒಂದೇ ವಿನ್ಯಾಸ, ಒಂದೇ ದೋಷ

1938ರಲ್ಲಿ ಸ್ವದೇಶಕ್ಕೆ ಮರಳಿದ ಟ್ಯೂರಿಂಗ್ ಅವರು ಬ್ರಿಟನ್ ಸರ್ಕಾರದ ಗೂಢಲಿಪಿ ವಿಭಾಗದೊಂದಿಗೆ ಸಂಪರ್ಕಕ್ಕೆ ಬಂದರು. ಯುದ್ಧ ಘೋಷಣೆಯಾದ ಮರುದಿನ, 1939ರ ಸೆಪ್ಟೆಂಬರ್ 4ರಂದು ಬ್ಲೆಚ್ಲಿ ಪಾರ್ಕಿನಲ್ಲಿ ಕೆಲಸಕ್ಕೆ ಹಾಜರಾದರು. ಎದುರಿಗಿದ್ದ ಸವಾಲು ಜರ್ಮನಿಯ ಎನಿಗ್ಮಾ ಯಂತ್ರ.

ಎನಿಗ್ಮಾ ಮೂಲತಃ ಸೈನ್ಯಕ್ಕೆಂದೇ ಹುಟ್ಟಿದ್ದಲ್ಲ. ಜರ್ಮನ್ ಎಂಜಿನಿಯರ್ ಆರ್ಥರ್ ಶೆರ್ಬಿಯಸ್ 1918ರಲ್ಲಿ ಪೇಟೆಂಟಿಗೆ ಅರ್ಜಿ ಸಲ್ಲಿಸಿ, ಮುಂದೆ ವ್ಯಾಪಾರಿಗಳಿಗೂ ಮಾರಾಟಕ್ಕಿಟ್ಟ ಯಂತ್ರವದು. ಅದನ್ನೇ ಜರ್ಮನಿಯ ನೌಕಾದಳ, ಭೂಸೇನೆ, ವಾಯುಪಡೆಗಳು ಬದಲಾವಣೆಗಳೊಂದಿಗೆ ಅಳವಡಿಸಿಕೊಂಡವು. ಭೂಸೇನೆಯ ಯಂತ್ರದಲ್ಲಿ ಐದು ಚಕ್ರಗಳಿಂದ ಮೂರನ್ನು ಆರಿಸಿ ಜೋಡಿಸುವ ಬಗೆ 60. ಆ ಚಕ್ರಗಳ ಆರಂಭದ ಸ್ಥಾನಗಳು 17,576. ಮುಂಭಾಗದ ಫಲಕದಲ್ಲಿ ಹತ್ತು ತಂತಿಗಳಿಂದ ಅಕ್ಷರಗಳನ್ನು ಅದಲುಬದಲು ಮಾಡುವ ಬಗೆಗಳಂತೂ 150 ಲಕ್ಷ ಕೋಟಿಗೂ ಹೆಚ್ಚು. ಈ ಮೂರನ್ನೂ ಗುಣಿಸಿದರೆ ಬರುವ ಸಂಖ್ಯೆಯನ್ನು ಕಂಡು, ಇದನ್ನು ಒಡೆಯಲು ಯಾರಿಂದಲೂ ಆಗದೆಂದು ಜರ್ಮನ್ ಅಧಿಕಾರಿಗಳು ನೆಮ್ಮದಿಯಿಂದಿದ್ದರು.

ಆದರೆ ವಿನ್ಯಾಸದೊಳಗೇ ಒಂದು ದೋಷ ಅಡಗಿತ್ತು. ಸಂದೇಶ ಬರೆಯುವುದಕ್ಕೂ ಓದುವುದಕ್ಕೂ ಒಂದೇ ಯಂತ್ರ, ಒಂದೇ ಜೋಡಣೆ ಸಾಕಾಗಲೆಂದು ಅದರಲ್ಲಿ ವಿದ್ಯುತ್ತನ್ನು ಹಿಂದಿರುಗಿಸುವ ಪ್ರತಿಫಲಕವನ್ನು ಇಡಲಾಗಿತ್ತು. ಅದರಿಂದಾಗಿ ಯಾವ ಅಕ್ಷರವೂ ಎಂದಿಗೂ ತಾನಾಗಿಯೇ ಹೊರಬರುತ್ತಿರಲಿಲ್ಲ. ಸಂದೇಶದಲ್ಲಿ ಇರಬಹುದಾದ ಪದವನ್ನು, ಉದಾಹರಣೆಗೆ ಹವಾಮಾನ ವರದಿಯ ಮಾಮೂಲು ಪದವನ್ನು ಊಹಿಸಿ, ಗೂಢಲಿಪಿಯ ಕೆಳಗೆ ಇಟ್ಟು ಸರಿಸುತ್ತ ಹೋದರೆ, ಒಂದೇ ಅಕ್ಷರ ಮೇಲೆ ಕೆಳಗೆ ಬಂದ ಕಡೆಯೆಲ್ಲ ಊಹೆ ತಪ್ಪೆಂದು ಕೂಡಲೇ ತಿಳಿಯುತ್ತಿತ್ತು. ಬಳಸುವವರ ಅನುಕೂಲಕ್ಕೆಂದು ಇಟ್ಟ ಭಾಗವೇ ಒಡೆಯುವವರ ಮೆಟ್ಟಿಲಾಯಿತು. ಒಂದೇ ವಿನ್ಯಾಸ ಮೂರೂ ಪಡೆಗಳಲ್ಲಿ ಬಳಕೆಯಲ್ಲಿದ್ದುದರಿಂದ ದೋಷವೂ ಮೂರೂ ಕಡೆ ಹರಡಿತ್ತು.

ವ್ಯವಸ್ಥೆಯ ರಚನೆ ಶತ್ರುವಿಗೆ ತಿಳಿದರೂ, ಕೀಲಿಯೊಂದು ಗುಟ್ಟಾಗಿದ್ದರೆ ಭದ್ರತೆ ಉಳಿಯಬೇಕೆಂಬ ತತ್ವವನ್ನು ಡಚ್ ಮೂಲದ ವಿದ್ವಾಂಸ ಆಗಸ್ಟ್ ಕರ್ಕ್‌ಹಾಫ್ಸ್ 1883ರಲ್ಲಿಯೇ ಪ್ರತಿಪಾದಿಸಿದ್ದರು. ಎನಿಗ್ಮಾ ಎದುರಿಸಬೇಕಾಗಿ ಬಂದದ್ದು ಇದೇ ಪರೀಕ್ಷೆಯನ್ನು. ಪೋಲೆಂಡಿನ ಗಣಿತಜ್ಞ ಮರಿಯನ್ ರೆಯೆವ್‌ಸ್ಕಿ 1932ರಲ್ಲಿಯೇ ಸೇನಾ ಎನಿಗ್ಮಾದ ಒಳರಚನೆಯನ್ನು ಗಣಿತದಿಂದ ಬಯಲಿಗೆಳೆದಿದ್ದರು. ಯುದ್ಧಕ್ಕೆ ಕೆಲವೇ ವಾರ ಮುಂಚೆ, 1939ರ ಜುಲೈನಲ್ಲಿ ಪೋಲೆಂಡ್ ತನ್ನ ಜ್ಞಾನವನ್ನೆಲ್ಲ ಬ್ರಿಟನ್ ಮತ್ತು ಫ್ರಾನ್ಸಿಗೆ ಧಾರೆಯೆರೆಯಿತು. ಟ್ಯೂರಿಂಗ್ ಅವರ ಸಾಧನೆಯ ಹಿಂದೆ ಈ ಋಣವಿದೆ ಎಂಬುದನ್ನು ಮರೆಯುವಂತಿಲ್ಲ.

ತಪ್ಪನ್ನು ಹೊರದೂಡುವ ಯಂತ್ರ

ಟ್ಯೂರಿಂಗ್ ರೂಪಿಸಿದ ಬಾಂಬ್ ಎಂಬ ಹೆಸರಿನ ವಿದ್ಯುತ್ ಯಂತ್ರ ಸರಿಯಾದ ಜೋಡಣೆಯನ್ನು ನೇರವಾಗಿ ಹುಡುಕುತ್ತಿರಲಿಲ್ಲ. ಊಹಿಸಿದ ಪದ ಮತ್ತು ಗೂಢಲಿಪಿಯ ನಡುವಿನ ಸಂಬಂಧಗಳಿಂದ ಸರಪಳಿ ಕಟ್ಟಿ, ಒಂದೊಂದು ಜೋಡಣೆಯೂ ಪರಸ್ಪರ ವಿರುದ್ಧವಾದ ತೀರ್ಮಾನಕ್ಕೆ ಬರುತ್ತದೆಯೇ ಎಂದು ನೋಡುತ್ತಿತ್ತು. ವಿರೋಧ ಕಂಡರೆ ಆ ಜೋಡಣೆ ಹೊರಕ್ಕೆ. ಉಳಿದ ಕೆಲವನ್ನು ಮನುಷ್ಯರು ಪರಿಶೀಲಿಸುತ್ತಿದ್ದರು. ಮೊದಲ ಯಂತ್ರ 1940ರ ಮಾರ್ಚ್‌ನಲ್ಲಿ ಬಂತು. ಸಹೋದ್ಯೋಗಿ ಗಾರ್ಡನ್ ವೆಲ್ಚ್‌ಮನ್ ಸೂಚಿಸಿದ ಸುಧಾರಣೆಯೊಂದಿಗೆ ಎರಡನೆಯದು ಆಗಸ್ಟ್‌ನಲ್ಲಿ ಸಿದ್ಧವಾಯಿತು. ಎಂಜಿನಿಯರ್ ಹೆರಾಲ್ಡ್ ಕೀನ್ ಅವರ ತಂಡ ಇವುಗಳನ್ನು ನಿರ್ಮಿಸಿತು. ಯುದ್ಧ ಮುಗಿಯುವ ವೇಳೆಗೆ ಇಂಥ ಸುಮಾರು 200 ಯಂತ್ರಗಳಿದ್ದವು. ಅವುಗಳನ್ನು ಹಗಲಿರುಳು ನಡೆಸಿದವರಲ್ಲಿ ಹೆಚ್ಚಿನವರು ನೌಕಾದಳದ ಮಹಿಳೆಯರು.

ನೌಕಾದಳದ ಎನಿಗ್ಮಾ ಎಲ್ಲಕ್ಕಿಂತ ಕಠಿಣವಾಗಿತ್ತು. ಸಂದೇಶದ ಆರಂಭಿಕ ಸ್ಥಾನವನ್ನು ತಿಳಿಸಲು ಅವರು ಜೋಡಿ ಅಕ್ಷರಗಳ ಪ್ರತ್ಯೇಕ ಕೋಷ್ಟಕ ಬಳಸುತ್ತಿದ್ದರು. ಬೇರೆಯವರು ಕೈಚೆಲ್ಲಿದ್ದ ಆ ಕೆಲಸವನ್ನು ಟ್ಯೂರಿಂಗ್ ತಾವೇ ಕೈಗೆತ್ತಿಕೊಂಡರು. ಸಂಭವನೀಯತೆಯ ಗಣಿತದಿಂದ ಸಾಧ್ಯತೆಗಳನ್ನು ಕಡಿತಗೊಳಿಸುವ ವಿಧಾನ ರೂಪಿಸಿದರು. 1941ರ ಮೇ ತಿಂಗಳಲ್ಲಿ ಯು-110 ಜಲಾಂತರ್ಗಾಮಿಯಿಂದ ವಶಪಡಿಸಿಕೊಂಡ ದಾಖಲೆಗಳೂ ನೆರವಾದವು. ಅಟ್ಲಾಂಟಿಕ್ ಸಾಗರದಲ್ಲಿ ಆಹಾರ, ಇಂಧನ ತರುತ್ತಿದ್ದ ಹಡಗುಗಳನ್ನು ಶತ್ರುವಿನ ದಾರಿ ತಪ್ಪಿಸಿ ಸಾಗಿಸುವುದು ಸಾಧ್ಯವಾಯಿತು. 1942ರ ಫೆಬ್ರುವರಿಯಲ್ಲಿ ಜರ್ಮನ್ ಜಲಾಂತರ್ಗಾಮಿಗಳು ನಾಲ್ಕು ಚಕ್ರಗಳ ಯಂತ್ರಕ್ಕೆ ಬದಲಾದಾಗ ಸುಮಾರು ಹತ್ತು ತಿಂಗಳು ಕತ್ತಲೆ ಕವಿಯಿತು. ಮುಳುಗುತ್ತಿದ್ದ ಯು-559ರಿಂದ ಸಂಕೇತ ಪುಸ್ತಕಗಳನ್ನು ಹೊರತಂದ ಇಬ್ಬರು ನಾವಿಕರು, ಫ್ಯಾಸನ್ ಮತ್ತು ಗ್ರೇಜಿಯರ್, ಅದರೊಂದಿಗೇ ಜಲಸಮಾಧಿಯಾದರು. ಡಿಸೆಂಬರಿನಲ್ಲಿ ಲಿಪಿ ಮತ್ತೆ ಒಡೆದದ್ದು ಆ ಪುಸ್ತಕಗಳಿಂದ.

ಕೆಲಸಗಾರರ ಕೊರತೆಯಿಂದ ಕೆಲಸ ಕುಂಠಿತವಾದಾಗ, 1941ರ ಅಕ್ಟೋಬರ್‌ನಲ್ಲಿ ಟ್ಯೂರಿಂಗ್ ಮತ್ತು ಮೂವರು ಸಹೋದ್ಯೋಗಿಗಳು ಮೇಲಧಿಕಾರಿಗಳನ್ನು ಮೀರಿ ಪ್ರಧಾನಿ ಚರ್ಚಿಲ್ ಅವರಿಗೇ ಪತ್ರ ಬರೆದರು. ಬೇಡಿಕೆಯನ್ನು ತಕ್ಷಣ ಈಡೇರಿಸುವಂತೆ ಚರ್ಚಿಲ್ ಆಜ್ಞಾಪಿಸಿದರು. ಅದೇ ವರ್ಷ ಸಹೋದ್ಯೋಗಿ ಜೋನ್ ಕ್ಲಾರ್ಕ್ ಅವರೊಂದಿಗೆ ಟ್ಯೂರಿಂಗ್ ಅವರ ವಿವಾಹ ನಿಶ್ಚಯವಾಗಿತ್ತು. ತಾವು ಸಲಿಂಗಿ ಎಂಬುದನ್ನು ಆಕೆಯಿಂದ ಮುಚ್ಚಿಡದ ಅವರು, ಕೆಲವು ತಿಂಗಳ ಬಳಿಕ ನಿಶ್ಚಯವನ್ನು ಮುರಿದುಕೊಂಡರು. ಸ್ನೇಹ ಉಳಿಯಿತು.

ಒಡೆಯುವುದರಿಂದ ಕಟ್ಟುವುದಕ್ಕೆ

ಇತರರ ಭದ್ರತೆಯನ್ನು ಒಡೆದ ಅನುಭವವನ್ನು ಟ್ಯೂರಿಂಗ್ ಅವರು ಹೊಸ ಭದ್ರತೆ ಕಟ್ಟಲು ಬಳಸಿದರು. 1942ರ ನವೆಂಬರಿನಿಂದ 1943ರ ಮಾರ್ಚ್‌ವರೆಗೆ ಅಮೆರಿಕದಲ್ಲಿದ್ದಾಗ ಅಲ್ಲಿನ ಬೆಲ್ ಪ್ರಯೋಗಾಲಯದಲ್ಲಿ ದೂರವಾಣಿ ಧ್ವನಿಯನ್ನು ಗೂಢವಾಗಿಸುವ ಬೃಹತ್ ವ್ಯವಸ್ಥೆಯನ್ನು ಪರಿಶೀಲಿಸಿದರು. ಹಿಂದಿರುಗಿದ ಮೇಲೆ ಹ್ಯಾನ್ಸ್‌ಲೋಪ್ ಪಾರ್ಕಿನಲ್ಲಿ ಯುವ ಎಂಜಿನಿಯರ್ ಡೊನಾಲ್ಡ್ ಬೇಲಿ ಅವರ ನೆರವಿನಿಂದ ಡೆಲೈಲಾ ಎಂಬ ಚಿಕ್ಕ ಸಾಧನ ತಯಾರಿಸಿದರು. ಚರ್ಚಿಲ್ ಭಾಷಣದ ಧ್ವನಿಮುದ್ರಿಕೆಯನ್ನು ಅದರಲ್ಲಿ ಗೂಢವಾಗಿಸಿ ಪುನಃ ಕೇಳಿಸಿ ತೋರಿಸಿದರು. ಆದರೆ ಅಷ್ಟರಲ್ಲಿ ಯುದ್ಧ ಮುಗಿಯಿತು. ಡೆಲೈಲಾ ಬಳಕೆಗೆ ಬರಲಿಲ್ಲ.

ಯುದ್ಧಾನಂತರ ರಾಷ್ಟ್ರೀಯ ಭೌತ ಪ್ರಯೋಗಾಲಯ ಸೇರಿ ಏಸ್ ಎಂಬ ಕಂಪ್ಯೂಟರಿನ ಸವಿವರ ವಿನ್ಯಾಸ ಸಿದ್ಧಪಡಿಸಿದರು. ಆಡಳಿತದ ವಿಳಂಬದಿಂದ ಬೇಸತ್ತು 1948ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯಕ್ಕೆ ತೆರಳಿದರು. ಓಟದಲ್ಲಿಯೂ ಅವರು ನುರಿತವರು. 1947ರ ಮ್ಯಾರಥಾನ್ ಒಂದನ್ನು 2 ಗಂಟೆ 46 ನಿಮಿಷಗಳಲ್ಲಿ ಮುಗಿಸಿದ್ದರು.

ನಮ್ಮ ವಿಷಯಕ್ಕೆ ಅತಿ ಮುಖ್ಯವಾದ ಘಟನೆ ನಡೆದದ್ದು 1949ರ ಜೂನ್ 24ರಂದು ಕೇಂಬ್ರಿಜ್ ಸಮ್ಮೇಳನದಲ್ಲಿ. ದೊಡ್ಡ ಪ್ರೋಗ್ರಾಮೊಂದು ಸರಿಯಾಗಿದೆ ಎಂದು ಖಚಿತಪಡಿಸಿಕೊಳ್ಳುವುದು ಹೇಗೆ ಎಂಬ ಪುಟ್ಟ ಪ್ರಬಂಧವನ್ನು ಟ್ಯೂರಿಂಗ್ ಅಲ್ಲಿ ಮಂಡಿಸಿದರು. ಪ್ರೋಗ್ರಾಮಿನ ಆಯಾ ಹಂತದಲ್ಲಿ ಯಾವ ಸಂಗತಿ ನಿಜವಾಗಿರಬೇಕು ಎಂಬುದನ್ನು ಬರೆದವನೇ ಸ್ಪಷ್ಟವಾಗಿ ನಮೂದಿಸಬೇಕು. ಪರೀಕ್ಷಕನು ಒಂದು ಹಂತದಿಂದ ಮುಂದಿನ ಹಂತಕ್ಕೆ ಆ ಹೇಳಿಕೆ ಸಲ್ಲುತ್ತದೆಯೇ ಎಂದಷ್ಟೇ ನೋಡಿದರೆ ಸಾಕು. ಪ್ರೋಗ್ರಾಮು ಕೊನೆಗೊಳ್ಳುತ್ತದೆ ಎಂಬುದನ್ನು ತೋರಿಸಲು ಹಂತ ಹಂತಕ್ಕೂ ಇಳಿಯುತ್ತಾ ಹೋಗುವ ಒಂದು ಪ್ರಮಾಣವನ್ನು ಸೂಚಿಸಬೇಕು. ಸಾರ್ವತ್ರಿಕ ಪರೀಕ್ಷಕ ಅಸಾಧ್ಯವೆಂದು 1936ರಲ್ಲಿ ಸಾಧಿಸಿದವರೇ, ನಿರ್ದಿಷ್ಟ ಪ್ರೋಗ್ರಾಮನ್ನು ಪರೀಕ್ಷಿಸುವ ದಾರಿಯನ್ನು 1949ರಲ್ಲಿ ತೋರಿಸಿದರು. ಅಂದು ಯಾರೂ ಅದನ್ನು ಅಷ್ಟಾಗಿ ಗಮನಿಸಲಿಲ್ಲ. ಅಮೆರಿಕದ ರಾಬರ್ಟ್ ಫ್ಲಾಯ್ಡ್ 1967ರಲ್ಲಿ, ಬ್ರಿಟನ್ನಿನ ಟೋನಿ ಹೋರ್ 1969ರಲ್ಲಿ ಈ ಬಗೆಯ ವಿಧಾನಗಳನ್ನು ಹೊಸದಾಗಿ ಕಟ್ಟಿಕೊಟ್ಟರು.

ಹದಿನೇಳು ವರ್ಷ ಅಡಗಿದ್ದ ಬಿರುಕು

ಟ್ಯೂರಿಂಗ್ ತೆರೆದ ಈ ಎರಡೂ ದಾರಿಗಳು ಮುಂದೆ ಸಾಫ್ಟ್‌ವೇರ್ ಭದ್ರತೆಯನ್ನು ಬಂದು ಸೇರಿದವು. ಹ್ಯಾರಿಸನ್, ರುಜೊ, ಉಲ್‌ಮನ್ ಎಂಬ ಮೂವರು 1976ರಲ್ಲಿ ಒಂದು ಪ್ರಶ್ನೆ ಎತ್ತಿಕೊಂಡರು. ಯಾರಿಗೆ ಯಾವ ಅಧಿಕಾರ ಎಂಬ ಕೋಷ್ಟಕ ಮತ್ತು ಅದನ್ನು ಬದಲಿಸುವ ನಿಯಮಗಳು ಕೈಯಲ್ಲಿದ್ದರೆ, ಅಧಿಕಾರವೊಂದು ಮುಂದೆಂದಾದರೂ ಸಲ್ಲದವರ ಪಾಲಾಗುತ್ತದೆಯೇ ಎಂದು ಹೇಳಬಹುದೇ? ಅಂಥ ನಿಯಮಗಳಿಂದ ಟ್ಯೂರಿಂಗ್ ಯಂತ್ರವನ್ನೇ ಅನುಕರಿಸಬಹುದೆಂದು ತೋರಿಸಿ, ಸಾಮಾನ್ಯ ರೂಪದಲ್ಲಿ ಇದನ್ನು ತೀರ್ಮಾನಿಸಲು ಬಾರದೆಂದು ಅವರು ಸಾಧಿಸಿದರು. ಎಂದ ಮೇಲೆ ವಿನ್ಯಾಸಕಾರನಿಗೆ ಉಳಿಯುವ ದಾರಿ ಒಂದೇ. ನಿಯಮಗಳನ್ನು ಮಿತವಾಗಿಯೂ ಪರೀಕ್ಷೆಗೆ ನಿಲುಕುವಂತೆಯೂ ಇಡುವುದು.

ಇನ್ನೊಂದು ಉದಾಹರಣೆ ಇನ್ನೂ ಕಣ್ತೆರೆಸುವಂಥದು. ಜಾಲದಲ್ಲಿ ಇಬ್ಬರು ಪರಸ್ಪರರ ಗುರುತನ್ನು ಖಚಿತಪಡಿಸಿಕೊಳ್ಳುವ ಕ್ರಮವೊಂದನ್ನು ನೀಡಂ ಮತ್ತು ಶ್ರೋಡರ್ 1978ರಲ್ಲಿ ಪ್ರಕಟಿಸಿದರು. ಅದು ವಿದ್ವಾಂಸರ ಮೆಚ್ಚುಗೆ ಪಡೆದು, ಅನೇಕ ವಿನ್ಯಾಸಗಳಿಗೆ ಮಾದರಿಯಾಯಿತು. ಅದರ ಸಾರ್ವಜನಿಕ ಕೀಲಿಯ ರೂಪದಲ್ಲಿ ಬಿರುಕಿದೆ ಎಂಬುದನ್ನು ಗ್ಯಾವಿನ್ ಲೋವ್ ಕಂಡುಹಿಡಿದದ್ದು 1995ರಲ್ಲಿ. ನಡುವೆ ನಿಂತ ಮೂರನೆಯವನು ಒಬ್ಬರೊಡನೆ ಆರಂಭಿಸಿದ ಮಾತನ್ನು ಇನ್ನೊಬ್ಬರಿಗೆ ದಾಟಿಸಿ, ತಾನು ಬೇರೊಬ್ಬನೆಂದು ನಂಬಿಸಬಹುದಾಗಿತ್ತು. ಕ್ರಮವನ್ನು ಗಣಿತದ ಮಾದರಿಯಾಗಿ ಬರೆದು, ಎಲ್ಲ ಸ್ಥಿತಿಗಳನ್ನೂ ತಡಕಾಡುವ ಸಾಧನಕ್ಕೆ ಒಪ್ಪಿಸಿದಾಗ ಆ ದಾಳಿ ತಾನಾಗಿಯೇ ಹೊರಬಿತ್ತು. ಸಂದೇಶವೊಂದರಲ್ಲಿ ಕಳುಹಿಸಿದವರ ಹೆಸರನ್ನು ಸೇರಿಸಿದ್ದರಿಂದ ಬಿರುಕು ಮುಚ್ಚಿತು. ಹದಿನೇಳು ವರ್ಷ ಪಂಡಿತರ ಕಣ್ಣಿಗೆ ಬೀಳದ್ದನ್ನು ಹೊರಗೆಳೆದದ್ದು ಮಾದರಿ.

ಕಟ್ಟಡ ಶಿಲ್ಪಿ ಕ್ರಿಸ್ಟೋಫರ್ ಅಲೆಕ್ಸಾಂಡರ್ 1970ರ ದಶಕದಲ್ಲಿ ಪ್ರಚುರಪಡಿಸಿದ ಮರುಬಳಕೆಯ ವಿನ್ಯಾಸಗಳ ಕಲ್ಪನೆ 1990ರ ದಶಕದಲ್ಲಿ ಸಾಫ್ಟ್‌ವೇರಿಗೆ ಬಂದು, 1997ರ ಹೊತ್ತಿಗೆ ಭದ್ರತೆಗೂ ವಿಸ್ತರಿಸಿತು. ಅಂಥ ವಿನ್ಯಾಸವನ್ನು ಮಾತಿನಲ್ಲಿ ವರ್ಣಿಸಿದರೆ ಸಾಲದು. ಅದು ಯಾವುದನ್ನು ನಂಬಿ ನಿಂತಿದೆ, ಯಾವ ಸ್ಥಿತಿ ಎಂದೂ ಬರಬಾರದು ಎಂಬುದನ್ನು ಖಚಿತ ರೂಪದಲ್ಲಿ ಬರೆದಿಡಬೇಕು. ಹೊಸ ಜಾಗದಲ್ಲಿ ಬಳಸುವ ಮುನ್ನ ಆ ನಂಬಿಕೆಗಳು ಅಲ್ಲಿಯೂ ನಿಜವೇ ಎಂದು ನೋಡಬೇಕು. ಎನಿಗ್ಮಾದ ಕಥೆ ಕಲಿಸಿದ ಪಾಠವೂ ಅದೇ.

ರಕ್ಷಿಸಿದವನನ್ನು ಶಂಕಿಸಿದ ರಾಷ್ಟ್ರ

ಭದ್ರತೆಯ ಹೆಸರಿನ ವ್ಯವಸ್ಥೆ ಕಾಯಬೇಕಾದವರನ್ನೇ ಕಳ್ಳರಂತೆ ಕಂಡರೆ ಏನಾಗುತ್ತದೆ ಎಂಬುದು ಕೆಜಿಎಫ್‌ಗೆ ಅಪರಿಚಿತವಲ್ಲ. 1930ರಲ್ಲಿ ಕಡ್ಡಾಯ ಬೆರಳಚ್ಚು ನೋಂದಣಿಯನ್ನು ವಿರೋಧಿಸಿ ಅಲ್ಲಿನ ಗಣಿ ಕಾರ್ಮಿಕರು ಮುಷ್ಕರ ಹೂಡಿದ್ದರು. ಟ್ಯೂರಿಂಗ್ ಅವರಿಗಾದರೋ ಬೆಂಬಲಕ್ಕೆ ಸಂಘಟನೆ ಇರಲಿಲ್ಲ.

1952ರ ಜನವರಿಯಲ್ಲಿ ಅವರ ಮನೆಯಲ್ಲಿ ಕಳವು ನಡೆಯಿತು. ದೂರು ನೀಡಲು ಹೋದ ಅವರು ವಿಚಾರಣೆಯ ವೇಳೆ ಯುವಕನೊಬ್ಬನೊಂದಿಗಿನ ಸಂಬಂಧವನ್ನು ಮರೆಮಾಚಲಿಲ್ಲ. 1885ರ ಕಾನೂನಿನ ಪ್ರಕಾರ ಪುರುಷರ ನಡುವಿನ ಸಂಬಂಧ ಅಪರಾಧವಾಗಿತ್ತು. ಕಳವಿನ ದೂರುದಾರರೇ ಆರೋಪಿಯಾದರು. ಸೆರೆವಾಸದ ಬದಲು ಒಂದು ವರ್ಷ ಹಾರ್ಮೋನ್ ಚಿಕಿತ್ಸೆಗೆ ಒಳಪಡುವುದನ್ನು ಅವರು ಒಪ್ಪಬೇಕಾಯಿತು. ಗೂಢಲಿಪಿ ಸಲಹೆಗಾರರಾಗಿ ಅವರಿಗಿದ್ದ ಭದ್ರತಾ ಅನುಮತಿ ರದ್ದಾಯಿತು. ಯುದ್ಧಕಾಲದ ಸೇವೆಯ ವಿಷಯವನ್ನು ನ್ಯಾಯಾಲಯದಲ್ಲಿ ಬಾಯಿಬಿಡುವಂತೆಯೂ ಇರಲಿಲ್ಲ, ಅದು ರಾಷ್ಟ್ರದ ಗುಟ್ಟು. 1951ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆಗಿದ್ದ ಅವರು, ಈ ಸಂಕಟದ ನಡುವೆಯೂ ಜೀವಿಗಳ ಮೈಮೇಲಿನ ಪಟ್ಟೆ, ಚುಕ್ಕೆಗಳು ಮೂಡುವ ಬಗೆಯನ್ನು ಗಣಿತದಿಂದ ವಿವರಿಸುವ ಪ್ರಬಂಧವನ್ನು ಪ್ರಕಟಿಸಿದರು.

1954ರ ಜೂನ್ 7ರಂದು ಟ್ಯೂರಿಂಗ್ ಅವರು ಸಯನೈಡ್ ವಿಷದಿಂದ ನಿಧನರಾದರು. ಆಗ ಅವರಿಗೆ 41 ವರ್ಷ. ಆತ್ಮಹತ್ಯೆ ಎಂದು ಅಧಿಕೃತ ವಿಚಾರಣೆ ತೀರ್ಮಾನಿಸಿತು. ಪ್ರಯೋಗಗಳ ವೇಳೆ ಆದ ಆಕಸ್ಮಿಕವೆಂದೇ ತಾಯಿ ಕಡೆಯವರೆಗೂ ನಂಬಿದ್ದರು. ಪೋತನೂರಿನಲ್ಲಿ ಜನಿಸಿದ ಆ ತಾಯಿ 1959ರಲ್ಲಿ ಮಗನ ಜೀವನಚರಿತ್ರೆ ಪ್ರಕಟಿಸಿದರು. ಯುದ್ಧದಲ್ಲಿ ಆತ ಮಾಡಿದ್ದೇನೆಂಬುದು ಆಗ ಅವರಿಗೂ ತಿಳಿದಿರಲಿಲ್ಲ. ಬ್ಲೆಚ್ಲಿ ಪಾರ್ಕಿನ ಗುಟ್ಟು ಜಗತ್ತಿಗೆ ತಿಳಿದದ್ದು 1974ರಲ್ಲಿ.

ತಡವಾಗಿ ಬಂದ ಮನ್ನಣೆ

ಕಂಪ್ಯೂಟರ್ ವಿಜ್ಞಾನದ ಅತ್ಯುನ್ನತ ಪ್ರಶಸ್ತಿ 1966ರಿಂದ ಟ್ಯೂರಿಂಗ್ ಹೆಸರಿನಲ್ಲಿದೆ. ಬ್ರಿಟನ್ ಸರ್ಕಾರ 2009ರ ಸೆಪ್ಟೆಂಬರ್‌ನಲ್ಲಿ ಕ್ಷಮೆ ಯಾಚಿಸಿತು. 2013ರ ಡಿಸೆಂಬರ್ 24ರಂದು ರಾಜಕ್ಷಮೆ ದೊರೆಯಿತು. ಅದೇ ಕಾನೂನಿನಡಿ ಶಿಕ್ಷೆಗೊಳಗಾದ ಸಾವಿರಾರು ಮಂದಿಗೆ 2017ರಲ್ಲಿ ಆ ಕ್ಷಮೆ ವಿಸ್ತರಣೆಯಾಯಿತು. ಭಾರತದಲ್ಲಿ ಇಂಥದೇ ಸಂಬಂಧಗಳನ್ನು ಅಪರಾಧವಾಗಿಸಿದ್ದ, 1860ರ ದಂಡ ಸಂಹಿತೆಯ 377ನೇ ಕಲಮನ್ನು ವಯಸ್ಕರ ಸಮ್ಮತಿಯ ಸಂಬಂಧಗಳ ಮಟ್ಟಿಗೆ ಸುಪ್ರೀಂ ಕೋರ್ಟ್ ಅನೂರ್ಜಿತಗೊಳಿಸಿದ್ದು 2018ರ ಸೆಪ್ಟೆಂಬರ್ 6ರಂದು. 2021ರ ಜೂನ್ 23ರಂದು, ಟ್ಯೂರಿಂಗ್ ಜನ್ಮದಿನದಂದೇ, ಅವರ ಭಾವಚಿತ್ರವುಳ್ಳ 50 ಪೌಂಡ್ ನೋಟು ಬ್ರಿಟನ್ನಿನಲ್ಲಿ ಚಲಾವಣೆಗೆ ಬಂತು.

ಚಿನ್ನದ ಅಪ್ಪಟತನವನ್ನು ಮಾರುವವನ ಮಾತಿನಿಂದ ಅಳೆಯುವುದಿಲ್ಲ, ಒರೆಗಲ್ಲಿಗೆ ತಿಕ್ಕಿ ನೋಡುತ್ತೇವೆ. ಭದ್ರತೆಯ ವಿನ್ಯಾಸಕ್ಕೂ ಅದೇ ನ್ಯಾಯ ಸಲ್ಲಬೇಕೆಂಬುದು ಟ್ಯೂರಿಂಗ್ ಅವರ ಬದುಕಿನ ದೊಡ್ಡ ಪಾಠ. ಬೇರೆಡೆ ಬಹುಕಾಲದಿಂದ ಬಳಕೆಯಲ್ಲಿದೆ, ಇದುವರೆಗೆ ಯಾರೂ ಒಡೆದಿಲ್ಲ ಎಂಬ ಸಮಾಧಾನಗಳು ಎನಿಗ್ಮಾಗೂ ಇದ್ದವು. ನಂಬಿಕೆಗಳನ್ನು ಬರೆದಿಟ್ಟು ಪರೀಕ್ಷಿಸಿದ ವಿನ್ಯಾಸವನ್ನಷ್ಟೇ ನೆಚ್ಚಬಹುದು. ಆ ಪರೀಕ್ಷೆಗೂ ಒಂದು ಎಲ್ಲೆಯಿದೆ ಎಂಬ ಎಚ್ಚರವನ್ನೂ ಅವರೇ ಕೊಟ್ಟು ಹೋಗಿದ್ದಾರೆ. ಬಂಗಾರಪೇಟೆಯಿಂದ ಹೊರಟು ಬೆಂಗಳೂರಿನ ಕಂಪನಿಗಳಲ್ಲಿ ಕೋಟ್ಯಂತರ ಜನರ ಹಣ, ಆರೋಗ್ಯ, ಗುರುತುಗಳನ್ನು ಕಾಯುವ ಸಾಫ್ಟ್‌ವೇರ್ ಬರೆಯುವ ಹೊಸ ತಲೆಮಾರಿಗೆ ಈ ಎರಡೂ ಮಾತುಗಳು ನಿತ್ಯದ ಕೆಲಸದಲ್ಲಿ ಬೇಕಾಗುವಂಥವು.